ಪಕ್ಷದ ದಿನದಾಗ ಶಿಶುನಾಳಕ್ಕ ನಡಕೋತ

ಜೋಕುಮಾರ ಸತ್ತು ಅನಂತನ ಹುಣ್ಣಿಮಿ ಮುಗೀತಂದ್ರ ನಮ್ಮ ಕಡೆ ಹಿರ್ಯಾರ ದಿನ ಶುರು. ಭಾದ್ರಪದದ ಕಡೀ ಹದಿನೈದು ದಿನಕ್ಕ ಪಕ್ಷ ಅಂತೀವಿ. ಲಗ್ನ ಇಲ್ಲ, ಮನಿ ಓಪನಿಂಗ್ ಇಲ್ಲ, ಬಂಗಾರದ ಅಂಗಡ್ಯಾಗ ಗಿರಾಕಿ ಇಲ್ಲ, ಎಲ್ಲಾರ ಮನ್ಯಾಗೂ ಮಹಾನವಮಿ ಅಮಾಸಿಗೆ ಎಡಿ ಇಡೂದರದ್ದ ಮಾತು. ನಮ್ಮಪ್ಪ ಮಾತ್ರ ಈ ದಿನದಾಗ ಹುಬ್ಬಳ್ಳಿಯಿಂದ ಶಿಶುನಾಳಕ್ಕ, ತತ್ವಪದದ ಶರೀಫಜ್ಜನ ಗದ್ದಿಗಿಗೆ, ನಡಕೋತ ಹೋಗಿ ಬರ್ತಿದ್ದ, ಮೊಣಕಾಲು ಕೈಕೊಡೂ ತನಕ ಒಂದ ವರ್ಷಾನೂ ಬಿಟ್ಟಿದ್ದಿಲ್ಲ. ಅಪ್ಪ ಹೋದ ಬ್ಯಾಸಿಗ್ಯಾಗ ತೀರ್ಕೊಂಡ. ಈ ಸಲ ಕಾಕಾ "ಅಣ್ಣನ ಹೆಸರಿಲೆ ನಾ ಹೋಗಿ ಬರ್ತೇನಿ" ಅಂದಾಗ ನಾನೂ ಬರ್ತೇನಿ ಅಂದೆ, ಕಾಕಾನ ಮಗ ಅಂದ್ರ ನನ್ನ ತಮ್ಮನೂ ಕಾಲೇಜಿಗೆ ಚಕ್ಕರ್ ಹೊಡದು ಗಂಟುಬಿದ್ದ. ಅವ್ವಂದು ಒಂದ ಕರಾರು, ಅಮಾಸಿ ಮುಂಜಾನೆ ನಾ ಮನ್ಯಾಗ ಇರಬೇಕು, ಇಲ್ಲಂದ್ರ ಎಡಿಗೆ ಕಡಬು ತುಂಬವ್ರ ಯಾರು. ಅಮಾಸಿ ಐತವಾರ ಬಂದಿತ್ತು, ಹಂಗಾಗಿ ಗುರುವಾರ ಹೊಂಟ್ವಿ.

ಪಾದಯಾತ್ರಿ ಅಂದಕೂಡ್ಲೆ ದೊಡ್ಡ ಗದ್ದಲ ಕಣ್ಮುಂದ ಬರ್ತೈತಲ್ಲ, ಯುಗಾದಿ ಮುಂದ ಶ್ರೀಶೈಲಕ್ಕ ಹೋಗೂ ಮಂದಿ, ಪಂಢರಪುರದ ದಿಂಡಿ, ಎಲ್ಲಮ್ಮನ ಗುಡ್ಡಕ್ಕ ಉಧೋ ಉಧೋ ಅನಕೋತ ಹೋಗವ್ರು, ದಾರಿಗುಂಟ ಪೆಂಡಾಲ ಹಾಕಿ ಮಜ್ಜಿಗಿ ಕೊಡವ್ರು. ಪಕ್ಷದಾಗ ಈ ರೋಡಿನ್ಯಾಗ ಅದ್ಯಾವುದೂ ಇರೂದಿಲ್ಲ. ಝಂಡಾ ಇಲ್ಲ, ಸ್ಪೀಕರ್ ಇಲ್ಲ, ಕೊಳ್ಳಾಗ ಶಲ್ಲೆ ಹಾಕ್ಕೊಂಡ ಒಬ್ಬ ಕಾಕಾ, ಬೆನ್ನಿಗೆ ಬ್ಯಾಗ್ ಹಾಕ್ಕೊಂಡ ನಾವಿಬ್ರು. ದಾರಿ ತುಂಬ ಮಂದಿ ಕೇಳಿದ್ದು ಒಂದ ಮಾತು, "ಬಸ್ಸು ಬಂದಿಲ್ಲೇನ್ರಿ?"

ಮೊದಲನೇ ದಿನ: ಹಳೇ ಹುಬ್ಬಳ್ಳಿಯಿಂದ ಕುಂದಗೋಳ

ಸಿದ್ಧಾರೂಢ ಮಠದಾಗ ಕೈಮುಗದು ಹೊಂಡೂದು ಅಪ್ಪನ ಪದ್ಧತಿ, ಕಾಕಾ ಅದನ್ನ ಬಿಡಲಿಲ್ಲ. ಇನ್ನೂ ಐದಾಗಿದ್ದಿಲ್ಲ. ಅಂಗಳ ಆಗಷ್ಟ ಕಸಾ ಹೊಡದಿದ್ರು, ಒಳಗ ಓಂ ನಮಃ ಶಿವಾಯ ಸಣ್ಣಗ ನಡದಿತ್ತು. ಆರೂಢರು ದೇಹ ಬಿಟ್ಟಿದ್ದು 1929ರಾಗ, ಅವರನ್ನ ಕಣ್ಣಾರೆ ಕಂಡವ್ರು ಈಗ ಯಾರೂ ಉಳದಿರಲಿಕ್ಕಿಲ್ಲ, ಆದ್ರೂ ಹಳೇ ಹುಬ್ಬಳ್ಳ್ಯಾಗ ಅಜ್ಜ ಅಂದ್ರ ಯಾವ ಅಜ್ಜ ಅಂತ ಯಾರೂ ತಿರುಗಿ ಕೇಳೂದಿಲ್ಲ.

ಊರು ದಾಟೂದ ಮೊದಲನೇ ಪರೀಕ್ಷೆ. ಬೈಪಾಸ್ ಕಡೆ ಟ್ರಕ್ಕು ಒಂದರ ಹಿಂದ ಒಂದು, ಅದಕ್ಕ ದಟ್ಟಣಿ ಶುರು ಆಗೂದ್ರೊಳಗ ಆ ಭಾಗ ದಾಟಿಬಿಡಬೇಕು. ಕತ್ತಲಿದ್ರ ಬ್ಯಾಟರಿ ಹಚ್ಕೊಂಡು ರೋಡಿನ ಬಲಕ್ಕ ನಡೀಬೇಕು, ಎದುರು ಬರೂ ಗಾಡಿ ನಮಗ ಕಾಣ್ತೈತಿ, ನಾವು ಅವರಿಗೆ ಕಾಣ್ತೀವಿ. ಇದನ್ನ ಕಾಕಾ ನಮ್ಮಿಬ್ರಿಗೂ ಸಣ್ಣ ಹುಡುಗ್ರಿಗೆ ಹೇಳಿದಂಗ ಹೇಳಿ, ತಾನ ಅರ್ಧ ದಾರಿ ಎಡಕ್ಕ ನಡದ.

ಅದರಗುಂಚ್ಯಾಗ ಚಾ. ಕರ್ನಾಟಕ ಏಕೀಕರಣಕ್ಕಂತ 1953ರಾಗ ಉಪವಾಸ ಕುಂತ ಶಂಕರಗೌಡ್ರ ಊರಿದು. ಚಾದಂಗಡಿ ಅಣ್ಣಗ ಎಲ್ಲಿಗೆ ಹೊಂಟೀವಿ ಅಂತ ಗೊತ್ತಾದ ಮ್ಯಾಲೆ ರೊಕ್ಕ ಮುಟ್ಟಲಿಲ್ಲ. "ಅಲ್ಲಿ ನನ್ನ ಹೆಸರಿಲೆ ಒಂದ್ ಕಾಯಿ ಒಡಸ್ರಿ" ಅಂದ. ಹೆಸರೇನ್ರಿ ಅಂದ್ರ ಹೇಳಲಿಲ್ಲ, "ಚಾ ಕೊಟ್ಟಾಂವ ಅನ್ರಿ, ಅಜ್ಜಗ ಗೊತ್ತಾಕ್ಕೈತಿ" ಅಂದು ಹಾಲಿನ ಪಾತೇಲಿ ಕಡೆ ತಿರುಗಿದ.

ಅಲ್ಲಿಂದ ಮುಂದ ಎರಿ ಸೀಮಿ. ಹೆಸರು ಕಿತ್ತಾಗಿತ್ತು, ಆ ಹೊಲಾನೆಲ್ಲಾ ಹಿಂಗಾರಿ ಜ್ವಾಳಕ್ಕ ಕಡ್ಲಿಗೆ ಹರಗಿ ಬಿಟ್ಟಿದ್ರು, ಕರ್ರಗ ಮಿಂಚ್ತಿತ್ತು. ಆಜೂಬಾಜೂ ಗೋವಿನಜ್ವಾಳ, ಹತ್ತಿ ಹೂಬಿಟ್ಟಿತ್ತು, ಮೆಣಸಿನಗಿಡ ಇನ್ನೂ ಮೊಣಕಾಲೆತ್ತರ. ಬ್ಯಾಡಗಿ ಮೆಣಸಿನಕಾಯಿ ಅಂತ ಹೆಸರು ಹೋಗಿದ್ದು ಆ ಪ್ಯಾಟಿಗೆ, 2011ರಾಗ ಜಿಐ ಅಂತ, ಅಂದ್ರ ಇದು ಈ ಸೀಮಿದ ಮಾಲು ಅನ್ನೂ ಸರ್ಕಾರದ ಶಿಕ್ಕಾನೂ ಬಿತ್ತು, ಆದ್ರ ಕುಂದಗೋಳ ಸೀಮ್ಯಾಗೂ ಅದನ್ನ ಭಾಳ ಬೆಳೀತಾರ. ಇಲ್ಲಿ ಮಂದಿಗೆ ಅದರ ಬಗ್ಗೆ ಸಿಟ್ಟೂ ಇಲ್ಲ, ರೇಟು ಬಂದ್ರ ಸಾಕು ಅಂತಾರ.

ಹತ್ತರ ಸುಮಾರು ಉತ್ತರಿ ಮಳಿ ಹಿಡೀತು. ಛತ್ರಿ ತಗದ್ರ ಗಾಳಿಗೆ ಉಲ್ಟಾ ಆತು. ರೋಡಿನ ಬಾಜೂಕ ತಾಡಪತ್ರಿ ಹೊದಿಸಿದ ಒಂದು ಗುಡಸಲ ಕಂಡ್ತು, ಒಳಗ ಅಮ್ಮ ಒಬ್ಬಾಕಿ ಶೇಂಗಾ ಬಿಡಿಸ್ಕೋತ ಕುಂತಿದ್ಲು. ನಾವು ಕೇಳೂಕಿಂತ ಮೊದಲ "ಬರ್ರೆವ್ವಾ ಒಳಗ, ತೊಯ್ಸಿಕೊಂಡು ಎಲ್ಲಿ ಹೊಂಟೀರಿ, ಬಸ್ಸು ತಪ್ಪಿತೇನು" ಅಂದ್ಲು. ಗಿಡದ ಬುಡ ಹಿಡಿದು ಕಲ್ಲಿಗೆ ಎರಡು ಪೆಟ್ಟು ಹೊಡದು ಮಣ್ಣು ಉದುರಿಸ್ತಿದ್ಲು, ಆಮ್ಯಾಲೆ ಒಂದ ಜಗ್ಗಿಗೆ ಅಷ್ಟೂ ಕಾಯಿ ಬುಟ್ಟ್ಯಾಗ. ನಾನೂ ಒಂದು ಗಿಡ ತಗೊಂಡು ಜಗ್ಗಿದ್ರ ಅರ್ಧ ಕಾಯಿ ಬೇರಿನ್ಯಾಗ ಉಳದ್ವು. ಹಸಿ ಶೇಂಗಾದ ಬೀಜ ಇನ್ನೂ ಬೆಳ್ಳಗ, ಸಿಪ್ಪಿ ಸುಲದ್ರ ಬೆರಳಿಗೆ ಹಾಲಿನಂಥ ವಾಸನಿ.

ಮಾತು ಸಹಜ ಹಿರ್ಯಾರ ಹಬ್ಬಕ್ಕ ಬಂತು. ಆಕಿ ಗಂಡ ತೀರಿಕೊಂಡು ಭಾಳ ವರ್ಷ ಆಗೇತಂತ. "ಎಡ್ಯಾಗ ಹೋಳಗಿ ಇಡ್ತೇನಿ, ಅನ್ನ ಸಾರು ಇಡ್ತೇನಿ, ಒಂದ ಕಟ್ಟು ಬೀಡೀನೂ ಇಡ್ತೇನಿ. ಇದ್ದಾಗ ಸೇದಬ್ಯಾಡ ಅಂತ ದಿನಾ ಜಗಳ. ಈಗ ನಾನ ಅಂಗಡಿಗೆ ಹೋಗಿ ತರ್ತೇನಿ ನೋಡು, ಕಡ್ಡಿಪೆಟಿಗಿ ಸೈತ."

"ನಿಮ್ಮಪ್ಪಗ ಏನ್ ಇಡ್ತಿ?" ಅಂದ್ಲು. ಗಿರ್ಮಿಟ್ಟು ಮಿರ್ಚಿ ಅಂದೆ. ಆಕಿ ನಕ್ಕಿದ್ದಕ್ಕ ಕೈಯಾಗಿನ ಗಿಡ ಕೆಳಗ ಬಿತ್ತು. "ಹುಬ್ಬಳ್ಳಿ ಮಂದಿ!"

ಮಳಿ ನಿಂತ ಮ್ಯಾಲೂ ಸ್ವಲ್ಪ ಹೊತ್ತು ಕುಂತ್ವಿ. ಹೊಂಡೂವಾಗ ಉಡಿತುಂಬ ಶೇಂಗಾ ಕೊಟ್ಲು, ಅದು ಕುಂದಗೋಳದಾಗ ಬೀಗರ ಮನ್ಯಾಗ ಉಪ್ಪು ಹಾಕಿ ಕುದಿಸಿ ಸಂಜಿಮುಂದ ಖಾಲಿ ಆತು.

ಕುಂದಗೋಳ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಹುಬ್ಬಳ್ಳಿಯಿಂದ ಇಪ್ಪತ್ತರ ಸುಮಾರು ಕಿಲೋಮೀಟರ್, ಬಸ್ಸಿನ್ಯಾಗ ನಿದ್ದಿ ಹತ್ತೂದ್ರೊಳಗ ಮುಗಿಯೂ ದಾರಿ. ಕಾಲಿಗೆ ಕೊಬ್ಬರೆಣ್ಣಿ ಹಚ್ಕೊಂಡು ಹೊಂಟಿದ್ದಕ್ಕ ನನಗ ಗುಳ್ಳಿ ಆಗಲಿಲ್ಲ, ತಮ್ಮ ನಾಚ್ಕೊಂಡು ಹಚ್ಕೊಳ್ಳಲಿಲ್ಲ, ರಾತ್ರಿ ಸೂಜಿ ಕಾಯಿಸಿ ಕುಂತಿದ್ದ. ಬೀಗರ ಮನ್ಯಾಗ ಬಿಸಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಕೆಂಪಖಾರದ ಮ್ಯಾಲೆ ಎಣ್ಣಿ. ಎಷ್ಟು ರೊಟ್ಟಿ ತಿಂದ್ವಿ ಅಂತ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಸಂಜಿಕೆ ಶಂಭುಲಿಂಗನ ಗುಡಿ ನೋಡಿ ನಾಡಗೇರ ವಾಡೆ ಕಡೆ ಹೋದ್ವಿ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ಈ ಊರವರು, ತೀರಿಕೊಂಡಿದ್ದು 1952ರಾಗ. ಅವರ ಪುಣ್ಯತಿಥಿಗಂತ ಈ ವಾಡೆದಾಗ ವರ್ಷಾ ರಾತ್ರಿಯಿಡೀ ಸಂಗೀತ ನಡಸ್ತಾರ. ಭೀಮಸೇನ ಜೋಶಿಯವರು ಇದ ಊರಾಗ ಗುರುಗಳ ಮನಿಗೆ ನೀರು ಹೊತ್ತವರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿಗೆ ಬಂದು ಪಾಠ ಹೇಳಿಸ್ಕೊಂಡು ಮತ್ತ ರೈಲಿಗೆ ವಾಪಸ್ ಹೋಗ್ತಿದ್ರು. ಗುರುವಿಗೆ ವರ್ಷಕ್ಕೊಮ್ಮೆ ಎಡಿ ಇಟ್ಟಂಗ ಸಂಗೀತ ಇಡ್ತಾರ ಇವರು ಅಂತ ಕಾಕಾ ಅಂದ. ಬಾಗಿಲ ಮುಂದ ನಿಂತು ಆಂವ ಒಂದ ಸಾಲು ಗುನುಗಿದ, ಶ್ರುತಿ ತಪ್ಪಿತ್ತು, ತಮ್ಮ ನನ್ನ ಮೊಣಕೈ ತಿವಿದ.

ಎರಡನೇ ದಿನ: ಗುಡಗೇರಿ ತನಕ

ಸಂಶಿ ಮ್ಯಾಲೆ ಗುಡಗೇರಿ ಈ ದಿನದ ದಾರಿ. ಡಾಂಬರು ರೋಡು ಬಿಟ್ಟು ಹೊಲದ ದಾರಿ ಹಿಡಿದ್ರ ಹತ್ತಿರ ಆಕ್ಕೈತಿ ಅಂತ ಯಾರೋ ಹೇಳಿದ್ರು. ಬ್ಯಾಸಿಗ್ಯಾಗ ಖರೇ ಇರಬಹುದು. ಹಿಂದಿನ ದಿನ ಮಳಿ ಆದ ಎರಿ ಹೊಲದಾಗ ಅದನ್ನ ಯಾರ ಮಾತಿಗೂ ಮಾಡಬ್ಯಾಡ್ರಿ. ಮೊದಲನೇ ಹತ್ತು ಹೆಜ್ಜಿಗೆ ಚಪ್ಪಲಿ ಭಾರ ಆತು, ಇಪ್ಪತ್ತನೇ ಹೆಜ್ಜಿಗೆ ಕಾಲು ಎತ್ತೂದ ಬ್ಯಾಸರ ಆತು, ಆಮ್ಯಾಲೆ ತಮ್ಮನ ಹೊಸಾ ಬೂಟಿನ ತಳಾನ ಕಳಚಿ ಮಣ್ಣಾಗ ಉಳೀತು. ಮ್ಯಾಲಿನ ಭಾಗ ಕಾಲಾಗ, ತಳ ಹೊಲದಾಗ. ಕಾಕಾ ಚಪ್ಪಲಿ ಕೈಯಾಗ ಹಿಡಕೊಂಡು ಬರಿಗಾಲಿಲೆ ಆರಾಮ ದಾಟಿ ಬದುವಿನ ಮ್ಯಾಲೆ ನಿಂತು ಎಲಿಅಡಿಕಿ ಹಾಕ್ಕೋತ ನಮ್ಮನ್ನ ನೋಡ್ತಿದ್ದ.

ಮುಂದಿನ ಊರಿನ ಕಿರಾಣಿ ಅಂಗಡ್ಯಾಗ ಹವಾಯಿ ಚಪ್ಪಲಿ ಇದ್ವು, ತಮ್ಮನ ಅಳತಿದು ಜೋಡಿ ಇದ್ದಿಲ್ಲ. ಒಂದು ನೀಲಿ ಒಂದು ಹಸಿರು ಹಾಕ್ಕೊಂಡು ಶಿಶುನಾಳ ತನಕ ಬಂದ. ಫೋಟೋ ಹಾಕಬ್ಯಾಡ ಅಂತ ಆಣಿ ಮಾಡಿಸ್ಕೊಂಡಾನ.

ಮಾತು ಶುರು ಆದದ್ದು ಸಂಶಿ ದಾಟಿದ ಮ್ಯಾಲೆ. ತಮ್ಮ ಹಿಂದ ಉಳದಿದ್ದ, ನಾನೂ ಕಾಕಾನೂ ಅಷ್ಟ. ಅಪ್ಪಗ ಇಷ್ಟು ಭಕ್ತಿ ಎಲ್ಲಿಂದ ಬಂತು ಕಾಕಾ, ಮನ್ಯಾಗ ಊದಿನಕಡ್ಡಿ ಸೈತ ಹಚ್ತಿದ್ದಿಲ್ಲಲ್ಲ, ಅಂತ ಸುಮ್ನ ಕೇಳಿದೆ. ಕಾಕಾ ಸ್ವಲ್ಪ ದೂರ ಏನೂ ಮಾತಾಡಲಿಲ್ಲ. ಆಮ್ಯಾಲೆ, "ಭಕ್ತಿ ಅಲ್ಲವ್ವಾ ಅದು. ಮೊದಲ ಅಲ್ಲ" ಅಂದ.

ನಮ್ಮಜ್ಜ, ಅಂದ್ರ ಅಪ್ಪನ ಅಪ್ಪ, ಶರೀಫಜ್ಜನ ತತ್ವಪದ ಹಾಡೂ ಭಜನಿ ಮೇಳದಾಗ ಇದ್ದ, ಅದು ನನಗ ಗೊತ್ತಿತ್ತು. ಗೆಳ್ಯಾ ಒಬ್ಬಗ ಜಾಮೀನು ನಿಂತು ಊರಾಗಿನ ಹೊಲ ಕಳಕೊಂಡಿದ್ದ, ಅದು ಗೊತ್ತಿದ್ದಿಲ್ಲ. ಅಪ್ಪ ಅವತ್ತಿನಿಂದ ಅಜ್ಜನ ಕೂಡ ಮಾತು ಬಿಟ್ಟ. ಒಂದ ಮನಿ, ಒಂದ ಪಡಸಾಲಿ, ಒಬ್ರು ಉಂಡು ಎದ್ದ ಮ್ಯಾಲೆ ಇನ್ನೊಬ್ರು ಕುಂದ್ರೂದು. ಪಕ್ಷದಾಗ ಅಜ್ಜ ಮೇಳದ ಕೂಡ ಶಿಶುನಾಳಕ್ಕ ನಡಕೋತ ಹೊಂಟಾಗ ಒಮ್ಮೆ ಬಾಗಿಲದಾಗ ನಿಂತು "ಬರ್ತಿಯೇನಪಾ" ಅಂತ ಕೇಳಿದ್ನಂತ. ಅಪ್ಪ ಪೇಪರ್ ಓದ್ತಿದ್ದ, ಪೇಪರ್ ಕೆಳಗ ಇಳಸಲಿಲ್ಲ. ಮುಂದ ಅಜ್ಜ ಹೋದ. ಅದರ ಮುಂದಿನ ಪಕ್ಷದಾಗ ಅಪ್ಪ ಯಾರಿಗೂ ಹೇಳದ ನಸಕಿನ್ಯಾಗ ಎದ್ದು ಹೊಂಟು, ಮರುದಿನ ಸಂಜಿಕೆ ಕಾಲು ಊದಿಸ್ಕೊಂಡು ಬಂದ. "ಕೇಳಿದ್ದಕ್ಕ ಉತ್ರಾ ಕೊಡಲಿಕ್ಕೆ ಹೋಗಿದ್ದ ಅಂವ. ಆಮ್ಯಾಲೆ ರೂಢಿ ಆತು, ರೂಢಿ ಆದ ಮ್ಯಾಲೆ ಭಕ್ತಿ ಬಂತು" ಅಂದ ಕಾಕಾ.

ಇದನ್ನ ಮನ್ಯಾಗ ಕುಂತು ಕೇಳಿದ್ರ ಕಾಕಾ ಹೇಳ್ತಿದ್ದಿಲ್ಲ. ಎಡಿ ಮುಂದ ಕುಂತಾಗ ಎಲ್ಲಾರೂ ಅಪ್ಪನ್ನ ದೇವರ ಮಾಡಿಬಿಡ್ತಾರ, ಫೋಟೋಕ್ಕ ಮಾಲಿ ಹಾಕಿ, ಊದಿನಕಡ್ಡಿ ಹಚ್ಚಿ, ಕೈಮುಗದು, ಹೊಟ್ಟಿ ಹಸೀತು ಎಲಿ ಹಾಕ್ರಿ ಅಂತಾರ, ಅಲ್ಲಿಗೆ ಮುಗೀತು. ನಡೀವಾಗ ಹಂಗಲ್ಲ. ಇಬ್ರೂ ಮುಂದ ನೋಡ್ಕೋತ ಹೊಂಟಿರ್ತೀವಿ, ಯಾರ ಮುಖಾನೂ ಯಾರೂ ನೋಡೂದಿಲ್ಲ, ಮಾತು ನಿಂತ್ರ ಹೆಜ್ಜಿ ಸಪ್ಪಳ ಇರ್ತೈತಿ, ನಡುವ ಟ್ರಕ್ ಬಂದ್ರ ಅದು ಹೋಗೂ ತನಕ ಸುಮ್ನಿದ್ದು ಮತ್ತ ಶುರು ಮಾಡಬಹುದು. ನಡದ್ರ ಪುಣ್ಯ ಬರ್ತೈತಿ ಅಂತ ಹಿರ್ಯಾರು ಅಂತಾರ, ನಾ ಅದರಾಗ ಭಾಳ ನಂಬಿಕಿ ಇಟ್ಟವಳಲ್ಲ. ಆದ್ರ ಪೇಪರ್ ಕೆಳಗ ಇಳಸದ ಅಪ್ಪ ನನಗ ಸಿಕ್ಕಿದ್ದು ಆ ರೋಡಿನ್ಯಾಗ, ಫೋಟೋದಾಗ ಅಲ್ಲ. ಸಿಟ್ಟೂ ಬಂತು ಅವನ ಮ್ಯಾಲೆ. ತೀರಿಕೊಂಡವರ ಮ್ಯಾಲೆ ಸಿಟ್ಟು ಬರೂದು ಅಂದ್ರ ಅವರು ಹತ್ರ ಇದ್ದಂಗ ಅಲ್ಲೇನು?

ತಮ್ಮ ನೀಲಿ-ಹಸಿರು ಚಪ್ಪಲ್ಯಾಗ ಟಪಟಪ ಅನಕೋತ ಬಂದು ಮುಟ್ಟಿದ, "ಏನ್ ಮಾತಾಡಾಕತ್ತೀರಿ" ಅಂದ. ಶೇಂಗಾ ರೇಟು ಅಂದ ಕಾಕಾ.

ಗುಡಗೇರ್ಯಾಗ ರಾತ್ರಿ ಎಲ್ಲಿ ಉಳಿಯೂದು ಅಂತ ನನಗ ಚಿಂತಿ ಇತ್ತು. ಕಾಕಾ ಪರಿಚಯದವರೊಬ್ರಿಗೆ ಮೊದಲ ಫೋನ್ ಮಾಡಿ ಇಟ್ಟಿದ್ದ, ಅವರು ಲಗ್ನದ ಹಾಲಿನ ಕೀಲಿ ತಂದು ಕೈಯಾಗ ಇಟ್ರು. ಪಕ್ಷದಾಗ ನಡಿಯೂದರ ದೊಡ್ಡ ಲಾಭ ಇದ ನೋಡ್ರಿ, ಲಗ್ನ ಇರೂದಿಲ್ಲ, ಊರೂರಾಗ ಹಾಲು ಖಾಲಿ, ಒಂದ್ ಮಾತು ಮೊದಲ ಕೇಳಿದ್ರ ಸಾಕು. ಮುನ್ನೂರು ಮಂದಿ ಉಣ್ಣೂ ಜಾಗಾದಾಗ ಮೂರು ಮಂದಿ ಮಲಗಿದ್ವಿ. ಸೊಳ್ಳಿ ಮಾತ್ರ ಲಗ್ನದ ಮಂದಿಯಷ್ಟ ಇದ್ವು, ಒಂದು ಸೊಳ್ಳಿಬತ್ತಿ ಬ್ಯಾಗಿನ್ಯಾಗ ಇರಲಿ. ಮನಿಯಿಂದ ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅವರು ಕಳಿಸಿದ ಮೊಸರು, ಅದ ಊಟ.

ಮೂರನೇ ದಿನ: ಕಳಸ, ಶಿಶುನಾಳ, ಹುಲಗೂರ

ಮುಂಜಾನೆ ಮಂಜು ಬಿದ್ದಿತ್ತು. ಕಳಸ ಶರೀಫಜ್ಜನ ಗುರು ಗೋವಿಂದ ಭಟ್ಟರ ಊರು. ಇಮಾಮಸಾಹೇಬ್ರ ಮಗ ಶರೀಫ, ಮುಲ್ಕಿ ಪರೀಕ್ಷಾ ಮುಗಿಸಿ ಸಾಲಿ ಮಾಸ್ತರಿಕಿ ಮಾಡಿ ಬಿಟ್ಟಾಂವ, ಗುರುವನ್ನ ಹುಡಿಕ್ಕೊಂಡಿದ್ದು ಈ ಊರಿನ ಬ್ರಾಹ್ಮಣರಲ್ಲಿ. ಕೈಮುಗದು ಹೊರಗ ಬಂದ್ರ ಕಟ್ಟಿ ಮ್ಯಾಲೆ ಇಬ್ರು ಅಜ್ಜಾರು ಕುಂತಿದ್ರು. ಒಬ್ಬಾಂವ "ನಡಕೋತ ಬಂದ್ರೇನು? ಚಲೋ ಆತು. ಗುರು ಶಿಷ್ಯಾ ಇಬ್ರೂ ಈ ದಾರಿ ತುಳದು ತುಳದ ಹದಾ ಮಾಡ್ಯಾರ" ಅಂದ. ಇನ್ನೊಬ್ಬಾಂವ "ಈಗ ಡಾಂಬರು ಆಗೇತಿ ಬಿಡೋ" ಅಂದ.

ಕಳಸ ಧಾರವಾಡ ಜಿಲ್ಲಾ, ಶಿಶುನಾಳ ಹಾವೇರಿ ಜಿಲ್ಲಾ. 1997ಕ್ಕಿಂತ ಮೊದಲ ಎಲ್ಲಾ ಒಂದ ಧಾರವಾಡ. ಗಡಿ ಎಲ್ಲಿ ದಾಟಿದ್ವೋ ತಿಳೀಲಿಲ್ಲ, ಎರಡೂ ಕಡೆ ಅದ ಹತ್ತಿ, ಅದ ಗೋವಿನಜ್ವಾಳ, ಅದ ನಾಯಿ ಬೊಗಳಿದಂಗ ಆತು.

ಶಿಶುನಾಳದಾಗ ಜಾತ್ರಿ ದಿನದ ಗದ್ದಲ ಏನೂ ಇದ್ದಿಲ್ಲ. ಶರೀಫಜ್ಜ ಹುಟ್ಟಿದ್ದು 1819ರ ಜುಲೈ 3, ತೀರಿಕೊಂಡಿದ್ದು 1889ರ ಜುಲೈ 3, ಹುಟ್ಟಿದ ತಾರೀಖಿಗೆ ಹೊಂಟಾಂವ. ಹಿಂದೂಗಳೂ ನಮ್ಮಂವ ಅಂತಾರ, ಮುಸಲ್ಮಾನ್ರೂ ನಮ್ಮಂವ ಅಂತಾರ, ಕಡೀ ಕಾರ್ಯನೂ ಎರಡೂ ಪದ್ಧತಿಲೆ ಆತು ಅಂತ ಹೇಳ್ತಾರ. ಗದ್ದಿಗಿ ಮುಂದ ಒಬ್ರು ಕಾಯಿ ಒಡಸ್ತಿದ್ರ ಬಾಜೂಕ ಇನ್ನೊಬ್ರು ಸಕ್ರಿ ಮ್ಯಾಲೆ ಫಾತೇಹಾ ಓದಸ್ತಿದ್ರು. ನಾವು ಎರಡೂ ಮಾಡಿದ್ವಿ. ಚಾ ಕೊಟ್ಟಾಂವನ ಹೆಸರಿಲೆ ಒಂದು ಕಾಯಿ ಬ್ಯಾರೆ. ಕಾಕಾ ಕಿಸೆದಾಗಿಂದ ಅಜ್ಜಂದೊಂದು, ಅಪ್ಪಂದೊಂದು ಪಾಸ್‌ಪೋರ್ಟ್ ಅಳತಿ ಫೋಟೋ ತಗದು ಎರಡೂ ಬಾಜೂಬಾಜೂ ಇಟ್ಟು ಕೈಮುಗದ. ಆ ಇಬ್ರೂ ಒಂದ ಫ್ರೇಮಿನ್ಯಾಗ ಇರೂ ಫೋಟೋ ನಮ್ಮ ಮನ್ಯಾಗ ಇಲ್ಲ, ಈಗ ಯಾಕ ಇಲ್ಲ ಅಂತ ಗೊತ್ತಾತು.

ಗಿಡದ ನೆರಳಾಗ ಹಾವೇರಿ ಕಡೆಯಿಂದ ಬಂದ ಭಜನಿ ಮಂದಿ ಕುಂತಿದ್ರು, ದಮ್ಮಡಿ, ತಾಳ, ಒಂದು ಏಕತಾರಿ. ಶಿಶುನಾಳಧೀಶ ಅಂತ ಅಂಕಿತ ಬಂದಾಗೆಲ್ಲಾ ಗದ್ದಿಗಿ ಕಡೆ ತಿರುಗಿ ತಲಿ ಬಗ್ಗಸ್ತಿದ್ರು. ಕಾಕಾ ಹೋಗಿ ಅವರ ನಡುವ ಕುಂತು ದನಿ ಕೂಡಸಿದ. ಕುಂದಗೋಳದಾಗ ತಪ್ಪಿದ ಶ್ರುತಿ ಇಲ್ಲಿ ಹೆಂಗ ಸೇರಿತೋ, ಎಲ್ಲಾರೂ ಒಂದೀಟು ತಪ್ಪಿ ಹಾಡಿದ್ರ ಹಂಗ ಆಗ್ತಿರಬೇಕು. ಹೋಗವ್ರು ನೆನಪಿಡ್ರಿ, ಮಧ್ಯಾಹ್ನದ ಬಿಸಲಿಗೆ ಹಾಸಗಲ್ಲು ಕಾಯ್ತಾವು, ಬರಿಗಾಲಿಲೆ ತಿರಗಾಡೂದಿದ್ರ ಹನ್ನೊಂದರೊಳಗ ಮುಟ್ಟ್ರಿ.

ಹುಲಗೂರಿಗೆ ಹೋಗೂದ ಇರಲಿ ಬಿಡೂದ ಇರಲಿ ಅಂತ ಚರ್ಚಾ ಆತು, ತಮ್ಮನ ಕಾಲು ನೋಡಿದ್ರ ಬ್ಯಾಡ ಅನಿಸ್ತಿತ್ತು. ಆದ್ರ ಶರೀಫಜ್ಜನ ತಂದಿ ತಾಯಿ ನಡಕೊಂಡಿದ್ದು ಹುಲಗೂರಿನ ಸೂಫಿ ಸಂತ ಖಾದರಲಿಂಗಗ, ಅಲ್ಲಿ ತನಕ ಬಂದು ಬಿಟ್ಟು ಹೋಗಬಾರದು ಅಂತ ಕಾಕಾಂದು ಹಠ. ಒಬ್ಬ ಟ್ರ್ಯಾಕ್ಟರ್ ಹುಡುಗ ನಿಲ್ಲಿಸಿ ಹತ್ರಿ ಅಂದ. ಕಾಕಾ ಒಲ್ಲೆ ಅಂದು ನಡದ, ತಮ್ಮ ಟ್ರೇಲರಿನ್ಯಾಗ ಹತ್ತಿ ಕುಂತ, ನಾ ಇಬ್ಬರ ನಡುವ ಸ್ವಲ್ಪ ಹೊತ್ತು ನಿಂತು ಟ್ರ್ಯಾಕ್ಟರ್ ಹತ್ತಿದೆ. ಪುಣ್ಯದ ಲೆಕ್ಕ ಬರಿಯವ್ರು ಬೇಕಾದ್ರ ಅಷ್ಟು ಕಡಿಮಿ ಬರಕೊಳ್ಳಲಿ.

ಹುಲಗೂರಿನಿಂದ ಶಿಗ್ಗಾಂವಿ, ಅಲ್ಲಿಂದ ಹುಬ್ಬಳ್ಳಿ ಬಸ್ಸು. ಹೈವೇದಾಗ ಎಸಿ ಇಲ್ಲದ ಬಸ್ಸಿನ ಕಿಡಕಿ ಗಾಳಿಗೆ ಮೂರೂ ಮಂದಿ ನಿದ್ದಿ ಹೋಗಿದ್ವಿ, ಹುಬ್ಬಳ್ಳಿ ಬಂದಾಗ ಕಂಡಕ್ಟರ್ ಎಬ್ಬಸಿದ.

ಐತವಾರ, ಅಮಾಸಿ

ಕಡಬು, ಹೋಳಗಿ, ಕಟ್ಟಿನ ಸಾರು, ಗಿರ್ಮಿಟ್ಟು, ಮಿರ್ಚಿ. ಮಾಳಿಗಿ ಮ್ಯಾಲೆ ಎಡಿ ಇಟ್ರ ಕಾಗಿ ಮೊದಲ ಮಿರ್ಚಿಗೆ ಬಾಯಿ ಹಾಕ್ತು, ಅದನ್ನ ನೋಡಿ ಕಾಕಿ "ಭಾವನ ಬಂದ್ರು" ಅಂತ ಅಳ್ಕೋತ ನಕ್ಲು.

ಊಟ ಆದ ಮ್ಯಾಲೆ ಭಾಂಡಿ ತಿಕ್ಕೂವಾಗ ಅವ್ವಗ ಅಷ್ಟ ಕೇಳೂ ಹಂಗ ಹೊಲದ ಮಾತು ತಗದೆ. ಅವ್ವ ತಲಿ ಎತ್ತಲಿಲ್ಲ.

"ಬರೀ ಹೊಲ ಅಂದ್ನೇನು ನಿಮ್ಮ ಕಾಕಾ? ನನ್ನ ಬೋರಮಾಳ ಸರಾನೂ ಅದರಾಗ ಹೋತು. ನಾ ನಿಮ್ಮಜ್ಜನ ಕೂಡ ಒಂದ್ ದಿನಾ ಮಾತು ಬಿಡಲಿಲ್ಲ. ನಿಮ್ಮಪ್ಪ ಬಿಟ್ಟ, ಆಮ್ಯಾಲೆ ಕಾಲು ನೂಸ್ಕೊಂಡ."

"ನಿನಗ ಗೊತ್ತಿತ್ತೇನವಾ?"

"ಪೇಪರ್ ಕೈಯಾಗ ಕೊಟ್ಟಾಕೀನ ನಾನು." ಪಾತೇಲಿ ಬೋರಲ ಹಾಕಿ ಕೈ ಒರಸ್ಕೊಂಡ್ಲು. "ಮುಂದಿನ ವರ್ಷ ನಾನೂ ಬರ್ತೇನಿ. ಗುಡಗೇರಿ ತನಕ ರೈಲಿಗೆ, ಅಲ್ಲಿಂದ ನಡಿಯೂದು. ಆ ಹುಡುಗಗ ಈಗಿಂದ ಒಂದ ಬಣ್ಣದ ಚಪ್ಪಲಿ ತರಲಿಕ್ಕೆ ಹೇಳು."